ಅನಿಪಾ ಕರೆದ ಅಶಾರ್

ಟೋಕ್‌ಮೋಕ್ ಊರಿನ ಅಂಚಿನಲ್ಲಿ, ಕಾಲುವೆ ದಾಟಿದರೆ ಗುಲ್ಬಾರಾಳ ಹೊಲಿಗೆ ಕಾರ್ಖಾನೆ. ಅಲ್ಲಿ ಮಧ್ಯಾಹ್ನದ ಊಟದ ಹೊತ್ತು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಅನಿಪಾ ತನ್ನ ಮಿಷನ್ನಿನ ಸ್ವಿಚ್ಚು ಆರಿಸಿ ಕನ್ನಡಕವನ್ನು ಹಣೆಗೇರಿಸಿದಳೆಂದರೆ ಊಟದ ಹೊತ್ತಾಯಿತು ಎಂದೇ ಅರ್ಥ. ಕೈಯಲ್ಲಿ ಅರ್ಧ ಹೊಲಿದ ಕಾಲರ್ ಇರಲಿ, ರಷ್ಯಾಕ್ಕೆ ಮಾಲು ಒಯ್ಯುವ ಲಾರಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುತ್ತಿರಲಿ, ಆಕೆ ಏಳುವವಳೇ.

"ಏಳ್ರೇ, ಏಳ್ರೇ. ಮಿಷನ್ನಿಗೇ ಬಿಸಿ ಆಗುತ್ತೆ, ನಿಮಗಾಗಲ್ವಾ? ಎದ್ದು ಟೀ ಕುಡೀರಿ."

"ಬಂತಮ್ಮಾ ನಮ್ಮ ಕಾರ್ಮಿಕ ಸಂಘ," ಎಂದು ಕಾಲೆಳೆಯುತ್ತಿದ್ದವಳು ಬುರುಲ್. ಬಟ್ಟೆಯ ಅಂಚು ಕಟ್ಟುವ ಓವರ್‌ಲಾಕ್ ಮಿಷನ್ ನಡೆಸುವ ಈ ಹೆಂಗಸಿಗೆ ಬಾಯಿ ದೊಡ್ಡದು. "ಎಜೆ, ಹಾಗೇ ನಮಗೆ ಸಮುದ್ರದ ದಂಡೆಗೆ ಒಂದು ತಿಂಗಳು ರಜೆನೂ ಕೊಡಿಸಿಬಿಡಿ."

"ನನಗೆ ಕೊಟ್ಟಿದ್ರು ಕಣೇ. ಸಮುದ್ರ ಅಲ್ಲ, ಇಸಿಕ್-ಕುಲ್ ಸರೋವರ. ಕಾರ್ಖಾನೆ ಖರ್ಚಲ್ಲಿ. ನಗಬೇಡ."

ಬುರುಲ್ ಇನ್ನೂ ಜೋರಾಗಿ ನಗುತ್ತಿದ್ದಳು. ಉಳಿದವರೂ ನಗುತ್ತಿದ್ದರು, ಆದರೆ ಏಳುತ್ತಿದ್ದರು. ಅನಿಪಾ ಇಲ್ಲದ ದಿನ ಅವರು ಮಿಷನ್ನಿನ ಮುಂದೆಯೇ ರೊಟ್ಟಿ ಕಚ್ಚುತ್ತಾ ಹೊಲಿಯುತ್ತಿದ್ದರೆಂಬುದೂ ನಿಜ.

ಅನಿಪಾ ಬೆಟ್ಟದ ತಪ್ಪಲಿನ ಹಳ್ಳಿಯವಳು, ಕುರಿ ಕಾಯುವವನ ಮಗಳು. ಎರಡು ಜಡೆ ಹಾಕಿಕೊಂಡು ಊರಿನ ಸರ್ಕಾರಿ ಬಟ್ಟೆ ಕಾರ್ಖಾನೆಗೆ ಸೇರಿದಾಗ ಆಕೆಗೆ ರಷ್ಯನ್ ಭಾಷೆಯಲ್ಲಿ ನಾಲ್ಕು ಮಾತೂ ನೆಟ್ಟಗೆ ಬರುತ್ತಿರಲಿಲ್ಲ. ಕೆಲಸವನ್ನು ಕಣ್ಣಲ್ಲೇ ನೋಡಿ ಕಲಿತಳು. ಅಲ್ಲಿಯೇ ಲಾರಿ ಓಡಿಸುತ್ತಿದ್ದ ಬೇಯ್ಶೆನ್‌ನನ್ನು ಮದುವೆಯಾದಳು. ಇಬ್ಬರು ಗಂಡುಮಕ್ಕಳನ್ನು ಹೆತ್ತಳು. ಹೆತ್ತಾಗಲೆಲ್ಲ ಸಂಬಳದ ಸಮೇತ ಮನೆಯಲ್ಲಿ ಮಲಗಿದಳು. ತಿರುಗಿ ಹೋದಾಗ ಆಕೆಯ ಮಿಷನ್ ಆಕೆಗೇ ಇತ್ತು, ಮಕ್ಕಳನ್ನು ಬಿಡಲು ಕಾರ್ಖಾನೆಯ ಶಿಶುವಿಹಾರವೂ ಇತ್ತು. ಕಾಮಾಲೆಯಾಗಿ ಆಸ್ಪತ್ರೆ ಸೇರಿದಾಗ ಸಂಘದವರು ಸೇಬು ತಂದುಕೊಟ್ಟು ಹೋಗಿದ್ದರು. ಆ ಕಾಲವೇನೂ ಬಂಗಾರದ್ದಲ್ಲ. ಸಭೆಗಳಲ್ಲಿ ಬೈಸಿಕೊಳ್ಳಬೇಕಿತ್ತು, ಒಂದು ಜೊತೆ ಬೂಟಿಗೆ ಬೆಳಗಿನಿಂದ ಸರದಿ ನಿಲ್ಲಬೇಕಿತ್ತು. ಆದರೂ ಬಾಣಂತಿಯ ಅನ್ನ ನಿಲ್ಲುತ್ತಿರಲಿಲ್ಲ. ಅನಿಪಾ ಇದನ್ನು ಹೇಳುವಾಗ ಕಾರ್ಖಾನೆಯ ಹುಡುಗಿಯರು ಅಜ್ಜಿಕಥೆ ಕೇಳಿದ ಹಾಗೆ ಕೇಳುತ್ತಿದ್ದರು.

ರಷ್ಯಾದೊಂದಿಗೆ ಒಂದಾಗಿದ್ದ ದೇಶ ಒಡೆಯಿತು, ಸರ್ಕಾರಿ ಕಾರ್ಖಾನೆಗೆ ಬೀಗ ಬಿತ್ತು. ಅನಿಪಾ ಹಳೆಯ ಮಿಷನ್ನೊಂದನ್ನು ಕೊಂಡು ಅಡುಗೆಮನೆಯಲ್ಲಿ ಇಟ್ಟುಕೊಂಡಳು. ಹೆಂಗಸರು ಮನೆಯಲ್ಲಿ ತೊಡುವ ನಿಲುವಂಗಿ ಹೊಲಿದು ಬಜಾರಿನಲ್ಲಿ ನಿಂತು ಮಾರಿದಳು. ಆ ದಿನಗಳಲ್ಲೇ ಹಿಂದಿನ ಓಣಿಯಿಂದ ಒಂದು ಹುಡುಗಿ ಬರತೊಡಗಿದ್ದು. ತಂದೆಯಿಲ್ಲ, ತಾಯಿ ಹಾಸಿಗೆ ಹಿಡಿದಿದ್ದಾಳೆ, ಹುಡುಗಿಯ ಕಣ್ಣು ಮಾತ್ರ ಚುರುಕು. ಅನಿಪಾ ಅವಳಿಗೆ ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಅಂಗಿಗೆ ತೋಳು ಕೂರಿಸುವವರೆಗೆ ಎಲ್ಲ ಕಲಿಸಿದಳು. ತನ್ನ ಮಕ್ಕಳ ತಟ್ಟೆಯ ಪಕ್ಕದಲ್ಲೇ ಅವಳಿಗೂ ತಟ್ಟೆ ಇಟ್ಟಳು. ಆ ಹುಡುಗಿಯೇ ಗುಲ್ಬಾರಾ. ಊರಿನವರೆಲ್ಲ ಅನಿಪಾಳನ್ನು ಅಕ್ಕ ಎನ್ನುವ ಅರ್ಥದಲ್ಲಿ 'ಎಜೆ' ಎಂದು ಕರೆದರೆ ಗುಲ್ಬಾರಾ ಒಬ್ಬಳು ಮಾತ್ರ 'ಅಪಾ' ಎನ್ನುತ್ತಿದ್ದಳು. ಹೆತ್ತ ತಾಯಿಗೆ ಕರೆಯುವ ಮಾತು ಅದು.

ಗುಲ್ಬಾರಾ ಬೆಳೆದಳು. ಎರಡು ಮಿಷನ್ ಆರಾದವು, ಆರು ಇಪ್ಪತ್ತಾದವು, ಕಾಲುವೆಯಾಚೆ ಜಾಗ ಬಂತು. ಹಾಗೆ ಬೆಳೆದ ಮೇಲೂ ಅವಳು ಅನಿಪಾಳನ್ನು ಮರೆಯಲಿಲ್ಲ. ಕಿಟಕಿಯ ಪಕ್ಕದ ಬೆಳಕಿರುವ ಜಾಗವನ್ನು ಅವಳಿಗೇ ಕೊಟ್ಟಳು. ಗುಲ್ಬಾರಾ ಕೆಟ್ಟವಳೆಂದು ಆಗ ಯಾರಾದರೂ ಅಂದಿದ್ದರೆ ಊರೇ ಮೈಮೇಲೆ ಬೀಳುತ್ತಿತ್ತು. ಹಬ್ಬಕ್ಕೆ ಎಲ್ಲರಿಗೂ ಹಿಟ್ಟು, ಎಣ್ಣೆ ಹಂಚುತ್ತಿದ್ದಳು. ಮದುವೆಗೆ ಕುರಿ ಕಳಿಸುತ್ತಿದ್ದಳು. ಸಾವಿನ ಮನೆಗೆ ಎಲ್ಲರಿಗಿಂತ ಮೊದಲು ಬಂದು ಅಳುತ್ತಿದ್ದಳು. ಕೈಬಿಚ್ಚಿ ಕೊಡುವವಳೇ. ಕೊಡಲೇಬೇಕಾದದ್ದನ್ನು ಮಾತ್ರ ಕೊಡುತ್ತಿರಲಿಲ್ಲ, ಅಷ್ಟೇ. ಅವಳ ಕಾರ್ಖಾನೆಯಲ್ಲಿ ಯಾರೂ ಕಾಯಂ ಇರಲಿಲ್ಲ. ಹೊಲಿದರೆ ಉಂಟು, ಹೊಲಿಯದಿದ್ದರೆ ಇಲ್ಲ. ಜ್ವರ ಬಂದರೆ ಅದು ನಿಮ್ಮ ಜ್ವರ. ಹೊಟ್ಟೆ ಮುಂದೆ ಬಂದರೆ ಮನೆಗೆ ಹೋಗುವುದು, ಹೆತ್ತು ಬಂದ ಮೇಲೆ ಮಿಷನ್ ಖಾಲಿ ಇದ್ದರೆ ಅದೃಷ್ಟ.

ಗುಂಡಿ ಕಾಜ ಹೊಲಿಯುವ, ಹೊಸದಾಗಿ ಮದುವೆಯಾಗಿದ್ದ ಜಾಜ್ಗುಲ್ ಎಂಬ ಹುಡುಗಿ ಅದಕ್ಕೇ ಹೊಟ್ಟೆಯನ್ನು ಬಿಗಿದ ಬಟ್ಟೆಯಲ್ಲಿ ಮುಚ್ಚಿಟ್ಟುಕೊಂಡಳು. ಒಂದು ಚಳಿಗಾಲದಲ್ಲಿ ಅವಳನ್ನು ಇಸ್ತ್ರಿ ಮೇಜಿಗೆ ಹಾಕಿದ್ದರು. ದಿನವಿಡೀ ನಿಂತೇ ಮಾಡುವ ಕೆಲಸ. ಒಂದು ಮಧ್ಯಾಹ್ನ ಮೇಜು ಹಿಡಿದುಕೊಂಡು ಕುಸಿದಳು. ಅವಳ ತಾಯಿ ದೂರದ ರಷ್ಯಾದಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದಳು. ಆಸ್ಪತ್ರೆಗೆ ಕರೆದೊಯ್ದವಳು ಅನಿಪಾ, ಮಗು ಉಳಿಯಲಿಲ್ಲ ಎಂದು ಡಾಕ್ಟರ್ ಹೇಳಿದಾಗ ಅವಳ ಕೈ ಹಿಡಿದು ಕೂತವಳೂ ಅನಿಪಾ. ವಾರ ಕಳೆಯುವ ಮೊದಲೇ ಜಾಜ್ಗುಲ್ ತಿರುಗಿ ಬಂದು ಕಾಜ ಹೊಲಿಯುತ್ತಿದ್ದಳು. ಅನಿಪಾಳಿಗೆ ಅದನ್ನು ನೋಡಲಾಗಲಿಲ್ಲ. ಕನ್ನಡಕ ಹಣೆಗೇರಿಸಿ ಎದ್ದು ಹೋದಳು. ಅದು ಊಟದ ಹೊತ್ತಾಗಿರಲಿಲ್ಲ.

ಗುಲ್ಬಾರಾ ತನ್ನ ಕೋಣೆಯಲ್ಲಿ ಟೀ ಬಗ್ಗಿಸಿ ಕೊಟ್ಟಳು. ಅನಿಪಾ ಬಟ್ಟಲನ್ನು ಮುಟ್ಟಲಿಲ್ಲ.

"ಹುಡುಗೀರನ್ನ ಕಾಯಂ ಮಾಡು ಗುಲ್ಬಾರಾ. ಹೆರಿಗೆ ರಜೆ ಕೊಡು, ಕಾಯಿಲೆ ರಜೆ ಕೊಡು, ಪಿಂಚಣಿಗೆ ಕಟ್ಟು. ನಿನ್ನ ಮನೆ ಮಗಳಾಗಿದ್ರೆ ಇಸ್ತ್ರಿ ಮೇಜಿನ ಹತ್ರ ಹೀಗೆ ನಿಲ್ಲಿಸ್ತಿದ್ದೆಯಾ?"

ಗುಲ್ಬಾರಾಳ ಕಣ್ಣು ತುಂಬಿತು. ಅವಳಿಗೆ ಅಳು ಬೇಗ ಬರುತ್ತಿತ್ತು. "ನನಗೂ ಅದೇ ಆಸೆ ಅಪಾ. ದೇವರಾಣೆಗೂ. ಆದ್ರೆ ಮೇಲೆ ಒಂದು ಅಂತಸ್ತು ಎಬ್ಬಿಸದೇ ಇದ್ರೆ ದೊಡ್ಡ ಆರ್ಡರ್ ಸಿಗಲ್ಲ. ಇಟ್ಟಿಗೆಗೆ ಕೊಟ್ಟು, ಮರಕ್ಕೆ ಕೊಟ್ಟು, ಗಾರೆಯವರ ಕೂಲಿ ಕೊಟ್ಟು, ಆಮೇಲೆ ಇದಕ್ಕೂ ಕೊಡು ಅಂದ್ರೆ ನಾನೆಲ್ಲಿಂದ ತರಲಿ? ನೀವೇ ಹೇಳಿ."

ಆಗ ಅನಿಪಾ ಆ ಮಾತು ಆಡಿದಳು. ನೆನಪಿರಲಿ, ಆಡಿದ್ದು ಗುಲ್ಬಾರಾ ಅಲ್ಲ, ಅನಿಪಾ.

"ಕೂಲಿಯವರು ಯಾಕೇ? ನಾವಿಷ್ಟು ಜನ ಹೆಂಗಸರಿದ್ದೀವಿ, ಮನೇಲಿ ಗಂಡಸರಿದ್ದಾರೆ. ಅಶಾರ್ ಕರೆಯೋಣ. ಭಾನುವಾರ ಭಾನುವಾರ ಬಂದು ಕಟ್ಟಿಕೊಡ್ತೀವಿ. ಆ ಕೂಲಿ ಉಳೀತಲ್ಲ, ಅದರಲ್ಲಿ ಇವರನ್ನ ಕಾಯಂ ಮಾಡು. ಮೇಲೆ ಒಂದು ಕೋಣೆ ಮಕ್ಕಳಿಗೆ ಬಿಡು, ತಾಯಂದಿರ ಮನಸ್ಸು ನೆಮ್ಮದಿಯಾಗಿರುತ್ತೆ."

ಅಶಾರ್ ಎಂದರೆ ಈ ನಾಡಿನಲ್ಲಿ ಸಣ್ಣ ಮಾತಲ್ಲ. ಮನೆ ಕಟ್ಟುವವನು ಕರೆದರೆ ನೆರೆಯವರು ಗುದ್ದಲಿ ಹಿಡಿದು ಬರುತ್ತಾರೆ, ಗೋಡೆ ಎಬ್ಬಿಸುತ್ತಾರೆ, ಹಾಕಿದ್ದನ್ನು ಉಂಡು, ಹರಸಿ ಹೋಗುತ್ತಾರೆ. ನಮ್ಮ ಮುಯ್ಯಾಳಿನ ಹಾಗೆ ಮರಳಿಸುವ ಲೆಕ್ಕವೂ ಅಲ್ಲಿಲ್ಲ. ಅಶಾರ್‌ಗೆ ಹೋಗಿ ಬಂದವನು ಪ್ರತಿಫಲ ಕೇಳಿದರೆ ಅವನ ಮಕ್ಕಳಿಗೆ ಹೆಣ್ಣು ಸಿಗುವುದು ಕಷ್ಟ. ಅಂಥ ಮಾತಿಗೆ ಅನಿಪಾ ಒಂದು ಷರತ್ತು ಕಟ್ಟಿದಳು. ಹಾಗೆ ಕಟ್ಟಲು ಬರುವುದಿಲ್ಲ ಎಂದು ಆಕೆಗೆ ತೋಚಲೇ ಇಲ್ಲ. ಎದುರಿಗಿದ್ದವಳು ತನ್ನ ಕೈತುತ್ತು ತಿಂದು ಬೆಳೆದ ಹುಡುಗಿ.

ಗುಲ್ಬಾರಾ ಮೇಜಿನ ಮೇಲಿದ್ದ ರೊಟ್ಟಿಯನ್ನು ಎರಡು ಕೈಯಲ್ಲೂ ಹಿಡಿದು ಮುರಿದಳು. "ಈ ರೊಟ್ಟಿ ಮುಟ್ಟಿ ಹೇಳ್ತೀನಿ ಅಪಾ. ಛಾವಣಿ ಹಾಕಿದ ಮೇಲೆ ಎಲ್ಲರೂ ಕಾಯಂ." ಇಬ್ಬರೂ ಒಂದೊಂದು ತುಂಡು ತಿಂದರು. ಬರೆಸಿಕೊಳ್ಳುವುದೆಂಬ ಯೋಚನೆಯೇ ಅನಿಪಾಳಿಗೆ ಬರಲಿಲ್ಲ. ರೊಟ್ಟಿ ಮುಟ್ಟಿದವರ ಹತ್ತಿರ ಕಾಗದ ಕೇಳುವುದು ಅವರ ಮುಖಕ್ಕೆ ಉಗಿದ ಹಾಗೆ.

ಮನೆಯಲ್ಲಿ ಬೇಯ್ಶೆನ್ ಎಲ್ಲ ಕೇಳಿಸಿಕೊಂಡು ಗಡ್ಡ ಕೆರೆದುಕೊಂಡ.

"ಅಶಾರ್ ಅಂತ ನೀನೇ ಹೆಸರಿಟ್ಟೆಯಾ? ಹಾಗಾದ್ರೆ ತಿರುಗಿ ಕೇಳೋ ಹಾಗಿಲ್ಲ ಬಿಡು ಮುದುಕಿ."

"ಕೇಳೋದೇನು? ಅವಳಾಗೇ ಮಾಡ್ತಾಳೆ. ರೊಟ್ಟಿ ಮುಟ್ಟಿ ಹೇಳಿದ್ದಾಳೆ."

"ಆ ರೊಟ್ಟಿ ಎಲ್ಲಿ?"

"ತಿಂದ್ವಿ."

"ಸರಿ ಮತ್ತೆ," ಎಂದು ಬೇಯ್ಶೆನ್ ಟೋಪಿ ಕಣ್ಣಿನ ಮೇಲೆ ಎಳೆದುಕೊಂಡು ಮಲಗಿದ. ಅನಿಪಾ ಅವತ್ತು ಅವನಿಗೆ ಬೇಕೆಂದೇ ಟೀ ತಣ್ಣಗೆ ಕೊಟ್ಟಳು.

ಬೇಸಿಗೆಯ ಹೊಲಗೆಲಸ ಮುಗಿದ ಮೇಲಿನ ಆ ಶರತ್ಕಾಲದ ಭಾನುವಾರಗಳನ್ನು ಕಾರ್ಖಾನೆಯ ಹೆಂಗಸರು ಈಗಲೂ ನೆನೆಯುತ್ತಾರೆ, ನೆನೆದು ಬಾಯಿ ಮುಚ್ಚಿಕೊಳ್ಳುತ್ತಾರೆ. ಅನಿಪಾ ಮನೆಮನೆಗೆ ಹೋಗಿ ಕರೆದಿದ್ದಳು. "ನಾನು ಹೇಳ್ತಿದ್ದೀನಲ್ಲ," ಎಂದಿದ್ದಳು, ಆ ಮಾತು ಸಾಕಾಗಿತ್ತು. ಹೆಂಗಸರು ಸಾಲಾಗಿ ನಿಂತು ಇಟ್ಟಿಗೆಯನ್ನು ಕೈಯಿಂದ ಕೈಗೆ ಮೇಲೆ ಹತ್ತಿಸಿದರು. ಬೇಯ್ಶೆನ್ ಗೊಣಗುತ್ತಲೇ ಬಂದು ಮರಳು ಜರಡಿ ಹಿಡಿದ. ವಾರವಿಡೀ ಕುಡಿದು ಬೀಳುವ ಬುರುಲಳ ಗಂಡ ಗಾರೆ ಕೆಲಸದಲ್ಲಿ ನಿಸ್ಸೀಮನೆಂದು ಎಲ್ಲರಿಗೂ ಗೊತ್ತಾದದ್ದು ಆಗಲೇ. ಅವನು ಎಬ್ಬಿಸಿದ ಗೋಡೆಗೆ ತೂಗುಗುಂಡು ಬಿಟ್ಟು ನೋಡಿದರೆ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. "ಇಷ್ಟು ನೆಟ್ಟಗೆ ಅವನು ಮನೆಗೆ ನಡೆದು ಬಂದಿದ್ದರೆ!" ಎಂದು ಬುರುಲ್ ಕೂಗಿದಾಗ ಮೇಲಿದ್ದವರೂ ಕೆಳಗಿದ್ದವರೂ ಇಟ್ಟಿಗೆ ಬಿಟ್ಟು ನಕ್ಕರು. ಕ್ಯಾರೆಟ್ಟಿನ ಪಲಾವು ದೊಡ್ಡ ಕಡಾಯಿಯಲ್ಲಿ ಬೇಯುತ್ತಿತ್ತು. ಗುಲ್ಬಾರಾ ತಾನೇ ಸೊಂಟಕ್ಕೆ ಬಟ್ಟೆ ಕಟ್ಟಿ ಬಡಿಸಿದಳು.

ಜಾಜ್ಗುಲ್ ಮೇಲಿನ ಮೂಲೆಯ ಕೋಣೆಗೆ ತಾನೇ ಬಣ್ಣ ಬಳಿದಳು. ಮಕ್ಕಳ ಕೋಣೆ ಅದು. ಕಿಟಕಿಯ ಕೆಳಗೆ ಒಂದು ಹಳದಿ ಕುರಿಮರಿಯನ್ನೂ ಬರೆದಳು, ಅದು ಕುರಿಗಿಂತ ನಾಯಿಯ ಹಾಗೆ ಕಾಣುತ್ತಿತ್ತು. ಛಾವಣಿ ಹಾಕಿದ ದಿನ ಹಿರಿಯಳೆಂದು ಅನಿಪಾಳನ್ನೇ ಹರಸಲು ಕೇಳಿದರು. ಎಲ್ಲರೂ ಅಂಗೈ ಚಾಚಿದರು. "ಈ ಮನೇಲಿ ದುಡಿಯೋರ ಕೈ ನೋಯದೇ ಇರಲಿ, ಇಲ್ಲಿ ಹುಟ್ಟೋ ಮಕ್ಕಳು ಹಸಿಯದೇ ಇರಲಿ," ಎಂದು ಆಕೆ ಹರಸಿದಳು. ಎಲ್ಲರೂ ಆ ಅಂಗೈಗಳಿಂದ ಮುಖ ಸವರಿಕೊಂಡು ಹಾರೈಕೆ ಒಪ್ಪಿಕೊಂಡರು, ಗುಲ್ಬಾರಾಳೂ ಸವರಿಕೊಂಡಳು.

ಕೆಲವು ವಾರ ಕಳೆದ ಮೇಲೆ ಜಾಜ್ಗುಲ್ ಬಂದು ಅನಿಪಾಳ ಕಿವಿಯಲ್ಲಿ ಪಿಸುಗುಟ್ಟಿದಳು. "ಎಜೆ, ಮತ್ತೆ ನಿಂತಿದೆ. ಇನ್ನೊಂದೆರಡು ವರ್ಷ ಬೇಡ ಅಂದುಕೊಂಡಿದ್ವಿ. ಈಗ ಕಾಯಂ ಆಗುತ್ತಲ್ಲ, ರಜೆ ಸಿಗುತ್ತಲ್ಲ, ಅದಕ್ಕೇ ಧೈರ್ಯ ಮಾಡಿದೆ."

ಅನಿಪಾ ಅವಳ ಹಣೆಗೆ ಮುತ್ತಿಟ್ಟಳು. ಆದರೆ ಛಾವಣಿ ಹಾಕಿ ಅಷ್ಟು ದಿನವಾಗಿತ್ತು, ಗುಲ್ಬಾರಾ ಆ ಮಾತೇ ಎತ್ತಿರಲಿಲ್ಲ.

ಕೇಳಿದರೆ "ಹೊಸ ವರ್ಷ ಕಳೀಲಿ ಅಪಾ" ಎಂದಳು. ಹೊಸ ವರ್ಷ ಕಳೆಯಿತು. "ನೂರುಜ್ ಹಬ್ಬ ಮುಗೀಲಿ." ವಸಂತದ ಆ ಹಬ್ಬವೂ ಮುಗಿಯಿತು. ಈ ನಡುವೆ ಮೂಲೆಯ ಕೋಣೆಗೆ ಬೀಗ ಬಿತ್ತು. ತೆಗೆದಾಗ ಅಲ್ಲಿ ಮಕ್ಕಳಿರಲಿಲ್ಲ. ರಷ್ಯಾದ ಗಿರಾಕಿಗಳು ಬಂದಾಗ ತೋರಿಸಲು ಹೊಸ ಉಡುಪು ತೊಟ್ಟ ಪ್ಲಾಸ್ಟಿಕ್ ಹೆಂಗಸರು ಸಾಲಾಗಿ ನಿಂತಿದ್ದರು. ಕುರಿಮರಿಯ ಮೇಲೆ ಯಾರೋ ಬಿಳಿ ಬಣ್ಣ ಬಳಿದಿದ್ದರು. ಇಷ್ಟಾದ ಮೇಲೂ ಅನಿಪಾ ನಂಬಿಕೆ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಸಿಟ್ಟೇ ಬರುತ್ತದೆ. ಮೂಗಿಗೆ ತುಪ್ಪ ಸವರುವವರಿಗೆ ಇಂಥವರು ಸಿಕ್ಕಿಬಿಟ್ಟರೆ ಇನ್ನೇನು ಬೇಕು?

ಜಾಜ್ಗುಲಳ ಕಾಲು ಊದಿಕೊಳ್ಳತೊಡಗಿತು. ಹಿಂದೊಂದು ಮಗು ಹೋಗಿರುವುದರಿಂದ ಮಲಗಿಯೇ ಇರಬೇಕು ಎಂದು ಡಾಕ್ಟರ್ ಹೇಳಿದ್ದರು. ಗಂಡ ಬೆನ್ನಿಗೆ ಪೆಟ್ಟು ಮಾಡಿಕೊಂಡು ಮನೆಯಲ್ಲಿದ್ದ, ಇವಳು ಮಲಗಿದರೆ ಒಲೆ ಹಚ್ಚುವವರಿಲ್ಲ. ಅನಿಪಾ ಮತ್ತೆ ಗುಲ್ಬಾರಾಳ ಕೋಣೆಗೆ ಹೋದಳು. ಈ ಸಲ ಕೂರಲೂ ಇಲ್ಲ.

"ಇವತ್ತು ಒಂದು ಮಾತು ಹೇಳು. ಮಾಡ್ತೀಯೋ ಇಲ್ವೋ?"

ಗುಲ್ಬಾರಾ ಎದ್ದು ಬಂದು ಆಕೆಯ ಹೆಗಲ ಮೇಲೆ ಕೈಯಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಅದನ್ನೇ ಅನಿಪಾ ಆಮೇಲೆ ಮರೆಯಲಾರದೆ ಹೋದದ್ದು.

"ಅಪಾ, ಅಶಾರ್‌ಗೆ ಬಂದವರು ಕೂಲಿ ಕೇಳ್ತಾರಾ? ನಾನು ಕೂಲಿ ಕೊಟ್ಟೇ ಕಟ್ಟಿಸ್ತೀನಿ ಅಂತಿದ್ದೆ. ಅಶಾರ್ ಅಂತ ಅಂದವರು ನೀವು. ನಾಲ್ಕು ಜನ ಕೇಳಿದ್ರೆ ಏನಂದುಕೊಳ್ತಾರೆ ನಿಮ್ಮ ಬಗ್ಗೆ?"

"ರೊಟ್ಟಿ ಮುಟ್ಟಿದ್ದೆಯಲ್ಲೇ..."

"ಮುಟ್ಟಿದ್ದೆ. ಮಾಡಲ್ಲ ಅಂದ್ನಾ? ಕೈಲಾದಾಗ ಮಾಡ್ತೀನಿ."

ಅನಿಪಾ ತಾನು ತೋಳು ಕೂರಿಸಲು ಕಲಿಸಿದ ಆ ಬೆರಳುಗಳನ್ನು ಹೆಗಲಿನಿಂದ ತೆಗೆದು ಕೆಳಗಿಟ್ಟು ಹೊರಗೆ ಬಂದಳು.

ಊಟದ ಹೊತ್ತಿನಲ್ಲಿ ಹೆಂಗಸರು ಆಕೆಯನ್ನು ಸುತ್ತುವರಿದರು. ನಡೆದದ್ದನ್ನು ಆಕೆ ಮುಚ್ಚುಮರೆಯಿಲ್ಲದೆ ಹೇಳಿದಳು. ಒಬ್ಬರೂ ಆಕೆಯನ್ನು ಬೈಯಲಿಲ್ಲ. ಬುರುಲ್ ಮೊದಲು ಗುಲ್ಬಾರಾಳ ಏಳು ತಲೆಮಾರನ್ನು ಎತ್ತಿ ಆಡಿದಳು, ಆಮೇಲೆ ದನಿ ತಗ್ಗಿಸಿದಳು.

"ಎಜೆ, ಕಾರ್ಮಿಕ ಇಲಾಖೆಗೆ ಹೋಗಿ ಹೇಳಿಬಿಡಿ. ನಮಗಾದ್ರೆ ಭಯ, ಮಕ್ಕಳು ಮರಿ ಇದ್ದಾರೆ. ನಿಮ್ಮನ್ನ ಅವಳು ಏನೂ ಮಾಡಲ್ಲ, ತಾಯಿ ಸಮಾನ. ಇನ್ಸ್‌ಪೆಕ್ಟರ್ ಬಂದು ಕೇಳಲಿ, ನಾವೆಲ್ಲ ಎದ್ದು ನಿಂತು ಒಂದೇ ಮಾತು ಹೇಳ್ತೀವಿ. ಏನ್ರೇ?"

"ಹೇಳ್ತೀವಿ," ಎಂದರು ಎಲ್ಲರೂ. ಒಬ್ಬೊಬ್ಬರೂ ಎದೆಯ ಮೇಲೆ ಕೈಯಿಟ್ಟರು. ಜಾಜ್ಗುಲ್ ಆಕೆಯ ಕೈಯನ್ನು ಎತ್ತಿ ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿಂದ ಒಂದು ಒದೆತ ಬಂತು. "ನೋಡಿ, ಇದೂ ಹೂಂ ಅಂತಿದೆ," ಎಂದಳು. ಅನಿಪಾ ಮಾರನೆಯ ದಿನವೇ ಹೋದಳು.

ಬಂದವನು ಇನ್ನೂ ಚಿಕ್ಕ ವಯಸ್ಸಿನ, ದಣಿದ ಮುಖದ ಇನ್ಸ್‌ಪೆಕ್ಟರ್. ಬೇಸಿಗೆಯ ಬೆಳಗ್ಗೆ, ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಂಡ. ಗುಲ್ಬಾರಾ ಕುರ್ಚಿ ಹಾಕಿಸಿ, ಹುಳಿ ಬರಿಸಿದ ಕುದುರೆ ಹಾಲಿನ ತಣ್ಣನೆಯ ಕುಮಿಸ್ ಕೊಟ್ಟಳು. ಮಿಷನ್ನುಗಳು ನಿಂತವು.

"ದೂರು ಬಂದಿದೆ," ಎಂದ ಅವನು. "ಇಲ್ಲಿ ಕೆಲಸ ಮಾಡೋರು ಯಾರೂ ಕಾಯಂ ಇಲ್ಲವಂತೆ. ರಜೆ ಇಲ್ಲ, ಪಿಂಚಣಿ ಇಲ್ಲ. ಎಷ್ಟು ಜನ ಕೆಲಸಗಾರರಿದ್ದಾರೆ ನಿಮ್ಮ ಹತ್ತಿರ?"

"ಒಬ್ಬರು," ಎಂದಳು ಗುಲ್ಬಾರಾ.

ಇನ್ಸ್‌ಪೆಕ್ಟರ್ ಕತ್ತೆತ್ತಿ ಕೋಣೆಯ ತುಂಬ ಕೂತಿದ್ದ ಹೆಂಗಸರನ್ನು ನೋಡಿದ. "ಮತ್ತೆ ಇವರು?"

"ನೆರೆಯವರು, ಸಂಬಂಧಿಕರು. ನನ್ನ ತಂಗಿ ಮಗಳ ಮದುವೆ ಬಟ್ಟೆ ಹೊಲಿಯೋದಿದೆ. ಅಶಾರ್‌ಗೆ ಬಂದಿದ್ದಾರೆ. ನಮ್ಮ ಕಡೆ ಹೇಗೆ ಅಂತ ನಿಮಗೆ ಗೊತ್ತಲ್ಲ ತಮ್ಮಾ, ಒಬ್ಬರಿಗೊಬ್ಬರು ಆಗ್ತೀವಿ. ಈ ಮೇಲಿನ ಅಂತಸ್ತನ್ನೂ ಅಶಾರ್‌ನಲ್ಲೇ ಕಟ್ಟಿದ್ದು, ಓಣಿಯಲ್ಲಿ ಯಾರನ್ನು ಬೇಕಾದರೂ ಕೇಳಿ."

ಅನಿಪಾ ಎದ್ದು ನಿಂತಳು. "ಸುಳ್ಳು. ಇವರೆಲ್ಲ ವರ್ಷಗಟ್ಟಲೆಯಿಂದ ಇಲ್ಲಿ ದುಡೀತಿರೋರು. ಇವಳು ನಂಬಿಸಿ ಕೈಕೊಟ್ಟಿದ್ದಾಳೆ. ಆ ಹುಡುಗೀನ ನೋಡಿ, ಇವತ್ತೋ ನಾಳೆಯೋ ಹೆರೋಳು. ಅವಳಿಗೆ ರಜೆ ಸಿಗಬೇಕು. ದೂರು ಕೊಟ್ಟವಳು ನಾನೇ, ಮುಚ್ಚಿಡೋದು ಏನಿದೆ?"

ಗುಲ್ಬಾರಾ ನಿಟ್ಟುಸಿರು ಬಿಟ್ಟಳು. "ನಾನು ಹೇಳಿದ ಆ ಒಬ್ಬರು ಇವರೇ. ನನ್ನ ಅಪಾ. ಚಳಿಗಾಲದಿಂದ ಇವರನ್ನ ಕಾಯಂ ಮಾಡಿದ್ದೀನಿ. ಪಿಂಚಣಿಗೆ ಕಟ್ತಿದ್ದೀನಿ, ಕಾಯಿಲೆ ರಜೆ ಇದೆ, ಎಲ್ಲಾ ಇದೆ. ಇಲಾಖೆಯಲ್ಲಿ ವಿಚಾರಿಸಿ. ಹೇಳದೇ ಮಾಡಿದೆ, ಸಂತೋಷಪಡಲಿ ಅಂತ. ಯಾಕೋ ನನ್ನ ಮೇಲೆ ಮುನಿಸಿಕೊಂಡಿದ್ದಾರೆ."

ಹೆಂಗಸರೆಲ್ಲ ಒಟ್ಟಿಗೆ ಅನಿಪಾಳ ಕಡೆ ತಿರುಗಿದರು. ಆ ನೋಟವನ್ನು ಎದುರಿಸುವುದಕ್ಕಿಂತ ಅನಿಪಾ ಸತ್ತಿದ್ದರೆ ಚೆನ್ನಾಗಿತ್ತು. "ನನಗೆ ಗೊತ್ತಿರಲಿಲ್ಲ," ಎಂದಳು. "ಬುರುಲ್, ನನ್ನಾಣೆ ಕಣೇ, ನನಗೆ ಗೊತ್ತೇ ಇರಲಿಲ್ಲ." ಬುರುಲ್ ಆಕೆಯನ್ನು ನೋಡುತ್ತಲೇ ಇದ್ದಳು.

"ಇವರ ಬಾಯಿಂದಲೇ ಕೇಳಬೇಕಾಗುತ್ತೆ," ಎಂದು ಇನ್ಸ್‌ಪೆಕ್ಟರ್ ಎದ್ದ. ಮೊದಲ ಸಾಲಿನಲ್ಲಿ ಮೊದಲು ಕೂತವಳು ಬುರುಲ್. "ನೀವು ಇಲ್ಲಿ ಕೆಲಸಕ್ಕಿದ್ದೀರಾ?"

ಬುರುಲ್ ತುಟಿ ಸವರಿಕೊಂಡಳು. ಗುಲ್ಬಾರಾ ಅವಳನ್ನು ನೋಡಲೂ ಇಲ್ಲ, ಕಿಟಕಿಯಾಚೆ ನೋಡುತ್ತಿದ್ದಳು.

"ಅಶಾರ್‌ಗೆ ಬಂದಿದ್ದೀನಿ," ಎಂದಳು ಬುರುಲ್.

ಎರಡನೆಯವಳೂ ಅಶಾರ್ ಎಂದಳು. ಮೂರನೆಯವಳು ಬಾಯಿ ಬಿಡದೆ ತಲೆಯಾಡಿಸಿದಳು. ಹಾಗೆಯೇ ಸಾಲು ಸಾಗಿತು. ಒಬ್ಬೊಬ್ಬರ ಹತ್ತಿರ ಇನ್ಸ್‌ಪೆಕ್ಟರ್ ಹೋದಾಗಲೂ ಅನಿಪಾ ಆ ಮುಖವನ್ನು ನೋಡುತ್ತಿದ್ದಳು, ಇವಳಾದರೂ ಹೇಳುತ್ತಾಳೆ ಎಂದು. ಇವಳಿಗೆ ಸೂಜಿ ಚುಚ್ಚಿದಾಗ ಬೆರಳಿಗೆ ಬಟ್ಟೆ ಕಟ್ಟಿದ್ದೆ. ಇವಳ ಮಗನಿಗೆ ಕೋಟು ಹೊಲಿದುಕೊಟ್ಟಿದ್ದೆ. ಇವಳು ಹೇಳುತ್ತಾಳೆ. ಯಾರೂ ಹೇಳಲಿಲ್ಲ.

ಕೊನೆಗೆ ಜಾಜ್ಗುಲ್. ಹೊಟ್ಟೆಯಿಂದಾಗಿ ಅವಳು ಮಿಷನ್ನಿಗೆ ಓರೆಯಾಗಿ ಕೂತಿದ್ದಳು. ಇನ್ಸ್‌ಪೆಕ್ಟರ್ ದನಿ ಮೆತ್ತಗೆ ಮಾಡಿದ. "ಹೆದರಬೇಡ ತಂಗಿ. ನಿಜ ಹೇಳು. ನೀನಿಲ್ಲಿ ಕೆಲಸಕ್ಕಿದ್ದೀಯಾ?"

ಜಾಜ್ಗುಲಳ ಕಣ್ಣಲ್ಲಿ ನೀರು ತುಂಬಿತು. ಆದರೂ ಅವಳು ಅನಿಪಾಳ ಕಡೆ ನೋಡಲಿಲ್ಲ.

"ಇಲ್ಲ ಅಣ್ಣ. ನಾನೂ ಅಶಾರ್‌ಗೇ ಬಂದದ್ದು. ಅನಿಪಾ ಎಜೆನೇ ಮನೆಗೆ ಬಂದು ಕರೆದ್ರು."

ಇನ್ಸ್‌ಪೆಕ್ಟರ್ ಹಿಂತಿರುಗಿದ. ಈಗ ಅವನಿಗೆ ಅನಿಪಾಳ ಮೇಲೆಯೇ ಅನುಮಾನ. "ಹೌದಾ ಎಜೆ? ಇವರನ್ನ ಅಶಾರ್‌ಗೆ ಅಂತ ಕರೆದವರು ನೀವೇನಾ?"

ಅದು ಅಂತಸ್ತು ಕಟ್ಟಲು ಕರೆದದ್ದು, ಆ ಕಥೆಯೇ ಬೇರೆ, ಎಂದು ಬಿಡಿಸಿ ಹೇಳಬಹುದಿತ್ತು. ಅನಿಪಾ ಬಾಯಿ ತೆರೆದಳು. ಯಾರ ಪರವಾಗಿ ಹೇಳುವುದು? ಎಲ್ಲರೂ ತಲೆ ತಗ್ಗಿಸಿ ತಮ್ಮ ತಮ್ಮ ಮಿಷನ್ನನ್ನು ನೋಡುತ್ತಿದ್ದರು. ಇಡೀ ಕೋಣೆಯಲ್ಲಿ ಆಕೆಗೆ ಒಂದು ಜೊತೆ ಕಣ್ಣು ಸಿಗಲಿಲ್ಲ.

"ಹೌದು," ಎಂದಳು. "ಕರೆದವಳು ನಾನೇ."

ಇನ್ಸ್‌ಪೆಕ್ಟರ್ ಉಳಿದ ಕುಮಿಸ್ ಕುಡಿದು ಹೊರಟುಹೋದ. ಒಂದು ಮಿಷನ್ ಸದ್ದು ಮಾಡಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲವೂ. ಗುಲ್ಬಾರಾ ಅನಿಪಾಳನ್ನು ಬಾಗಿಲವರೆಗೂ ಬಿಡಲು ಬಂದಳು. "ನಾಲ್ಕು ದಿನ ವಿಶ್ರಾಂತಿ ತಗೊಳ್ಳಿ ಅಪಾ. ಸಂಬಳ ಹಿಡಿಯಲ್ಲ. ನಿಮ್ಮದು ಕಾಯಂ ಕೆಲಸ, ಎಲ್ಲಿಗೂ ಹೋಗಲ್ಲ."

ಅನಿಪಾ ಮತ್ತೆ ಆ ಕಾಲುವೆ ದಾಟಲಿಲ್ಲ. ನಡೆದದ್ದನ್ನು ಕೇಳಿದ ಬೇಯ್ಶೆನ್ ತಾನೇ ಎದ್ದು ಟೀ ಕಾಯಿಸಿ ಆಕೆಯ ಮುಂದಿಟ್ಟ. ಆಕೆ ಅಳಲೂ ಇಲ್ಲ, ಗುಲ್ಬಾರಾಳನ್ನು ಬೈಯಲೂ ಇಲ್ಲ. ಗುಲ್ಬಾರಾಳ ಮೋಸ ಒಂದು ಥರ ಅರ್ಥವಾಗುತ್ತಿತ್ತು, ಅದಕ್ಕೆ ಲಾಭವಿತ್ತು. ಎದೆಯ ಮೇಲೆ ಕೈಯಿಟ್ಟಿದ್ದ ಆ ಹೆಂಗಸರದ್ದು ಮಾತ್ರ ಎಷ್ಟು ದಿನವಾದರೂ ಗಂಟಲಿನಿಂದ ಇಳಿಯಲಿಲ್ಲ. ಹೆದರಿಕೆಗೆ ಹಾಗೆಂದರು, ಹೊಟ್ಟೆಪಾಡಿಗೆ ಹಾಗೆಂದರು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಇಳಿಯಲಿಲ್ಲ.

ಜೋಳ ತೆನೆಗಟ್ಟುವ ಹೊತ್ತಿಗೆ ಬುರುಲ್ ರೊಟ್ಟಿ ಅಂಗಡಿಯ ಮುಂದೆ ಎದುರಾದಳು. ತಪ್ಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ.

"ಚೆನ್ನಾಗಿದ್ದೀರಾ ಎಜೆ?"

"ಇದ್ದೀನಿ."

"ಜಾಜ್ಗುಲಳಿಗೆ ಹೆರಿಗೆ ಆಯ್ತು. ನೋವು ಬರೋವರೆಗೂ ಕಾಜ ಹೊಲೀತಿದ್ದಳು ಪಾಪ, ಅಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋದ್ವಿ. ದೇವರು ದೊಡ್ಡವನು, ಈ ಸಲ ಉಳೀತು." ಬುರುಲ್ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. "ಈಗ ಮತ್ತೆ ಕೆಲಸಕ್ಕೆ ಬರ್ತಿದ್ದಾಳೆ. ಮಗೂನ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೇಲಿ ಮಲಗಿಸ್ಕೊಳ್ತಾಳೆ. ಮನೆಗೆ ಅಂತ ಗುಲ್ಬಾರಾ ಒಂದು ಒಳ್ಳೆ ತೊಟ್ಟಿಲು ಕೊಡಿಸಿದ್ಳು, ಕೆತ್ತನೆ ಕೆಲಸದ್ದು. ತಾಯಿ ಇಲ್ಲಿ ಇಲ್ವಲ್ಲ, ತಾಯಿ ಜಾಗದಲ್ಲಿ ನಿಂತು ಮಾಡಿದ್ಳು."

ಕೇಳಬಾರದು ಎಂದುಕೊಂಡರೂ ಅನಿಪಾಳ ಬಾಯಿ ಕೇಳಿಯೇಬಿಟ್ಟಿತು.

"ಗಂಡೋ, ಹೆಣ್ಣೋ?"

"ಹೆಣ್ಣು."

"ಏನು ಹೆಸರಿಟ್ಟರು?"

ಬುರುಲ್ ನೆಲ ನೋಡಿದಳು. ಎಂದೂ ಮಾತಿಗೆ ತಡವರಿಸದ ಹೆಂಗಸು ತಡವರಿಸಿದಳು.

"ಗುಲ್ಬಾರಾ ಅಂತ," ಎಂದಳು.